ಕನಕಮ್ಮನ ಡಿಜೈನುಗಳಿಗೆ ಎರಡು ಮನೆ

ಆಯುಧಪೂಜೆಯ ದಿನ ಮಸ್ಕಿಯ ಹೊಲಿಗೆ ಸಂಘದ ಹೆಂಗಸರು ಎಲ್ಲ ಮಷಿನಿಗೂ ವಿಭೂತಿ, ಕುಂಕುಮ ಹಚ್ಚಿದರು. ಕಂಪ್ಯೂಟರಿಗೂ ಹಚ್ಚಿದರು. ಪಾಮನಕಲ್ಲೂರಿನಿಂದ ದಿನಾ ಕೆಲಸಕ್ಕೆ ಬರುವ ಕಸ್ತೂರೆಮ್ಮ ಭಕ್ತಿ ಉಕ್ಕಿ ಕಂಪ್ಯೂಟರಿನ ನೆತ್ತಿಯ ಮೇಲೇ ಕಾಯಿ ಒಡೆದಳು. ನೀರು ಜಾಲರಿಯೊಳಗೆ ಇಳಿಯಿತು. ಚಟ್ ಅಂತು, ಅಷ್ಟೇ. ಒಳಗಿನ ಡಿಸ್ಕೂ ಸುಟ್ಟಿತು.

ಸಂಘದ ಕನಕಮ್ಮ ನಾಲ್ಕು ವರ್ಷ ಕೂತು ಬರೆದ ಕುಪ್ಪಸದ ಡಿಜೈನುಗಳು ಅದರಲ್ಲಿದ್ದವು. ಎಂಬ್ರಾಯ್ಡರಿ ಮಷಿನ್ ಹೊಲಿಯುವುದೇ ಅವನ್ನು ನೋಡಿ. ಉಳಿದದ್ದು ಅವಳ ಪೆನ್‌ಡ್ರೈವಿನಲ್ಲಿದ್ದ ನಲವತ್ತು ಮಾತ್ರ. ಅವೂ ಹೋದರೆ ಆರು ಮನೆಯ ದುಡಿಮೆ ನಿಂತಂತೆ. ಕನಕಮ್ಮ ಅಳಲಿಲ್ಲ.

"ಇನ್ನ ಒಂದೂ ಹೋಗಬಾರದು," ಅಂದಳು.

ಮಷಿನಿಗೆ ಬೇರೆ ಕಂಪ್ಯೂಟರ್ ಬಂತು. ಡಿಜೈನ್ ಕಾಯಲಿಕ್ಕೆ ಏನು ಮಾಡುವುದು?

"ನಮ್ಮ ಮನ್ಯಾಗ ಹಳೇ ಕಂಪ್ಯೂಟರ್ ಸುಮ್ನ ಕುಂತೈತಿ," ಅಂದಳು ಕಸ್ತೂರೆಮ್ಮ. "ತಂದಿಟ್ರ ಮುಗೀತು. ಖರ್ಚ ಯಾಕ?"

ಲಿಂಗಸುಗೂರಿನಲ್ಲಿ ಕಂಪ್ಯೂಟರ್ ಕಲಿಸುವ ಪೀರ್‌ಬೀಯನ್ನು ಕನಕಮ್ಮ ಕರೆಸಿದಳು. ಪೀರ್‌ಬೀ ಚೀಲದಿಂದ ಇಟ್ಟಂಗಿ ಗಾತ್ರದ ಡಬ್ಬಿ ತೆಗೆದಳು. "ಇದಕ್ಕ ನೆಟ್‌ವರ್ಕ್ ಡ್ರೈವ್ ಅಂತಾರ, ಕಂಪ್ಯೂಟರಿಗೆ ಹಚ್ಚಿ ಫೈಲ್ ಕೂಡಿಡೋ ಡಬ್ಬಿ. ಮೊದ್ಲು ಹೇಳ್ರಿ ಕಸ್ತೂರೆಮ್ಮಾರ, ನಿಮ್ಮ ಕಂಪ್ಯೂಟರಿಗೆ ವಯಸ್ಸೆಷ್ಟು?"

"ಮೊಮ್ಮಗ ಹುಟ್ಟಿದ ವರ್ಷ ತಂದದ್ದು. ಈಗ ಅವ ನಾಕನೇ ಕ್ಲಾಸ್."

"ಅದರ ಡಿಸ್ಕಿಗೆ ಮುಪ್ಪು ಬಂದೈತಿ. ಇರೋದೂ ಒಂದೇ. ಕೆಟ್ರ ಎಲ್ಲಾ ಖತಂ."

"ನಾನೂ ಮುದುಕಿನೇ ಬೇ, ಕೆಟ್ಟೀನೇನು?"

"ಮೊಣಕಾಲು ಬ್ಯಾನಿಯಾದ್ರ ನೀವು ಊರಿಗೆಲ್ಲಾ ಹೇಳ್ತೀರಿ. ಡಿಸ್ಕ್ ಹೇಳಂಗಿಲ್ಲ."

ಎಲ್ಲರೂ ನಕ್ಕರು. ಕನಕಮ್ಮ ನಗಲಿಲ್ಲ. "ಈ ಡಬ್ಬಿ ಏನ್ ಹೆಚ್ಚಿಂದು?"

"ಒಳಗ ಎರಡು ಡಿಸ್ಕ್, ಅಕ್ಕಾ. ಒಂದರಾಗ ಇಟ್ಟದ್ದು ಇನ್ನೊಂದರಾಗೂ ಬೀಳತೈತಿ. ಕರೆಂಟ್ ಕಡಿಮಿ ತಿಂತೈತಿ. ಸಂಜಿಕ ಅಂಗಡಿ ಹೆಂಗ ಬಂದ್ ಮಾಡ್ತೀರಿ?"

"ಊದಿನಕಡ್ಡಿ ಬೆಳಗಿ ಮೇನ್ ಸ್ವಿಚ್ ಎಳೀತೀವಿ."

"ತೋಬಾ! ಹಂಗ ಎಳದ್ರ ಡಬ್ಬಿಯಾಗಿಂದೂ ಕಂಪ್ಯೂಟರಿನಾಗಿಂದೂ ಕೆಡತೈತಿ. ಮೊದ್ಲು ಇದನ್ನ ಬಟನ್ ಒತ್ತಿ ಆರಿಸ್ರಿ, ಆಮ್ಯಾಲ ಮೇನ್."

"ಇದರ ಮ್ಯಾಲೂ ಕಾಯಿ ಒಡೆದ್ರ?" ಕನಕಮ್ಮ ಕೇಳಿದಳು. ಕಸ್ತೂರೆಮ್ಮ ಸೆರಗು ಬಾಯಿಗೆ ಹಿಡಿದಳು.

"ಎರಡೂ ಡಿಸ್ಕ್ ಒಟ್ಟಿಗೇ ಹೋಗ್ತಾವ. ತಪ್ಪಿ ಅಳಿಸಿದ್ರೂ ಎರಡರಾಗೂ ಅಳೀತೈತಿ. ಅದಕ್ಕ ಇನ್ನೊಂದು ನಕಲು ಬ್ಯಾರೆ ಮನ್ಯಾಗ ಇರಬೇಕು."

ಕನಕಮ್ಮ ಡಬ್ಬಿಯನ್ನು ಕಂಪ್ಯೂಟರಿನ ಪಕ್ಕಕ್ಕೆ ಸರಿಸಿದಳು. "ಹಂಗಾರ ಡಬ್ಬಿ ಇಲ್ಲಿರಲಿ. ಕಸ್ತೂರೆಮ್ಮನ ಕಂಪ್ಯೂಟರಿಗೆ ಹೊಸ ಡಿಸ್ಕ್ ಹಾಕು. ಅದು ಆಕೀ ಮನ್ಯಾಗೇ ಇರಲಿ. ವಾರಕ್ಕೊಮ್ಮಿ ಪೆನ್‌ಡ್ರೈವಿನಾಗ ಒಯ್ದು, ಅದನ್ನ ಹಚ್ಚಿ, ನಕಲು ಹಾಕಿ, ಆರಿಸೋಣು."

"ಬರೇ ಮಾತಿಗೆ ನಾ ನಂಬಂಗಿಲ್ಲ," ಅಂದಳು ಕಸ್ತೂರೆಮ್ಮ. "ಒಂದು ಡಿಸ್ಕ್ ಕಿತ್ತು ತೋರಿಸು."

ಪೆನ್‌ಡ್ರೈವಿನ ನಲವತ್ತು ಡಿಜೈನನ್ನೂ ಡಬ್ಬಿಗೆ ಹಾಕಿದ ಮೇಲೆ ಪೀರ್‌ಬೀ ಒಂದು ಡಿಸ್ಕ್ ಹೊರಗೆಳೆದಳು. ಕನಕಮ್ಮ ಆನೆಯ ಡಿಜೈನ್ ಒತ್ತಿದಳು. ತೆರೆಯಿತು! ಮಷಿನ್ ಸೊಂಡಿಲಿನಿಂದ ಶುರುಮಾಡಿ ಬಾಲದವರೆಗೂ ಹೊಲಿಯಿತು. ಪೀರ್‌ಬೀ ಡಿಸ್ಕನ್ನು ತಿರುಗಿ ಕೂಡಿಸಿದಳು. ಮುಂದಿನ ವಾರ, ಹೊಸ ಡಿಸ್ಕ್ ಹಾಕಿದ ಮೇಲೆ, ಪಾಮನಕಲ್ಲೂರಿನ ಕಸ್ತೂರೆಮ್ಮನ ಮನೆಯ ನಕಲಿನಿಂದಲೂ ಒಂದು ಗೋಪುರದ ಡಿಜೈನ್ ಹೊಲಿದು ನೋಡಿದರು. ಒಂದೆಳೆಯೂ ತಪ್ಪಿರಲಿಲ್ಲ.

"ಪ್ರತಿ ಸೋಮವಾರ ನಕಲು ಹಾಕೋದು ನನ್ನ ಜವಾಬ್ದಾರಿ," ಅಂದಳು ಕಸ್ತೂರೆಮ್ಮ. "ಒಂದು ವಾರ ತಪ್ಪಿದ್ರ ಜಗಳಕ್ಕ ಬಾ."

ಕನಕಮ್ಮ ಕಳೆದುಹೋದ ಡಿಜೈನುಗಳಲ್ಲಿ ಮೊದಲನೆಯದನ್ನು ನೆನೆಸಿಕೊಂಡು ಮತ್ತೆ ಬರೆಯಲಿಕ್ಕೆ ಕೂತಳು.

ಅಕ್ಕತಂಗಿಯರೇ, ನಿಮ್ಮ ಸಂಘದ ಕಾಗದ, ಫೋಟೋ, ಡಿಜೈನು ಎಲ್ಲಿವೆ? ಒಂದೇ ಕಡೆ ಇದ್ದರೆ ಇವತ್ತೇ ಸಂಘದಲ್ಲಿ ಎದ್ದು ಕೇಳಿ. ಹೊಸ ಡಬ್ಬಿಯೋ, ಹೊಸ ಡಿಸ್ಕ್ ಹಾಕಿದ ಹಳೇ ಕಂಪ್ಯೂಟರೋ, ನಿಮಗೆ ಕೈಲಾದದ್ದು ಇಡಿ. ಆದರೆ ಇನ್ನೊಂದು ನಕಲು ಇನ್ನೊಂದು ಮನೆಯಲ್ಲಿರಲಿ. ಇಟ್ಟು ಮರೆಯಬೇಡಿ. ತೆರೆದು ನೋಡಿ, ಆಮೇಲೆ ನಂಬಿ.