ಮಡಚದ ಕಾಲು

ಅಣ್ಣಾರಾಯ ಮಂಡಿಯೂರಿ, ಸತ್ತ ತಮ್ಮನ ಬಲಮೊಣಕಾಲನ್ನು ಎರಡೂ ಕೈಯಿಂದ ಇನ್ನೊಮ್ಮೆ ಅದುಮಿದ. ಕಾಲು ಮಡಚಲಿಲ್ಲ. ಅದುಮಿದ ರಭಸಕ್ಕೆ ಅವನ ರುಮಾಲೇ ಬಿಚ್ಚಿ ಹೆಣದ ತೊಡೆಯ ಮೇಲೆ ಬಿತ್ತು.

“ಬದುಕಿದ್ದಾಗೂ ಹಿಂಗ ಹಟ ಮಾಡತಿದ್ದ,” ಎಂದು ಬೆವರೊರೆಸಿಕೊಂಡ.

ವಳಸಂಗದ ಮಲಕಾಜಪ್ಪನ ಬಲಗಾಲು ಮೂರನೇ ವಯಸ್ಸಿನಲ್ಲಿ ಜ್ವರ ಬಂದು ಸೆಟೆದದ್ದು ಐವತ್ತು ವರ್ಷ ನೆಟ್ಟಗೇ ಇತ್ತು. ಪಾದವೂ ಬೆಳೆಯದೆ ಕೂಸಿನ ಪಾದದಷ್ಟೇ ಉಳಿದಿತ್ತು. ಈಗ ಪದ್ಧತಿಯಂತೆ ಅವನನ್ನು ಚಕ್ಕಳಮಕ್ಕಳ ಕೂರಿಸಿ ಮಣ್ಣು ಮಾಡಬೇಕು. ಸಾಲದ್ದಕ್ಕೆ ಕುಣಿ ತೋಡುವ ಭರಮಣ್ಣ ಬೇರೆ ಎಡವಟ್ಟು ಮಾಡಿಟ್ಟಿದ್ದ. ಸತ್ತವರ ಪಾದದಿಂದಲೇ ಒಂಬತ್ತು ಪಾದ ಅಳೆದು ಕುಣಿ ತೋಡುವುದು ವಾಡಿಕೆ. ಬೆಳಿಗ್ಗೆ ಕಂಬಳಿಯ ಹೊರಗೆ ಚಾಚಿಕೊಂಡಿದ್ದ ಪಾದಕ್ಕೇ ಆತ ದಾರ ಹಿಡಿದು ಹೋಗಿದ್ದ.

“ಕುಣಿ ಹುಡುಗರಿಗೆ ತೋಡಿದಂಗ ಆಗೇತ್ರಿ,” ಎಂದ ಭರಮಣ್ಣ ತಲೆ ಕೆರೆಯುತ್ತ.

“ಎಡಗಾಲ ಕಾಣಲಿಲ್ಲೇನಲೇ ನಿನಗ?” ಎಂದು ಅಣ್ಣಾರಾಯ ಗದರಿದ.

“ಅದು ಕಂಬಳ್ಯಾಗಿತ್ರಿ. ಅವ್ರನ್ನ ಎಬ್ಬಿಸಿ ಕೇಳಾಕ ಬರತೈತೇನ್ರಿ?”

“ಹಂಗಾದ್ರ ಮೊಣಕಾಲ ಮುರದು ಕುಂದರಸೂಣು. ಅವಂಗೇನ್ ಈಗ ನೋವಾಗತೈತಿ?”

ಸತ್ತವನ ಹೆಂಡತಿ ಭಾಗವ್ವ ಥಟ್ಟನೆ ಅಳು ನಿಲ್ಲಿಸಿದಳು. “ಆ ಕಾಲಿಗೆ ಕೈ ಹಚ್ಚಬ್ಯಾಡ್ರಿ ಭಾವಾರ. ಮಡಚಾಕ ಬಂದ ನಾಟಿ ವೈದ್ಯಗ ಅವರು ಅದ ಕಾಲಿಲೆ ಒದ್ದಿದ್ರು.”

“ಪದ್ಧತಿ ಅಂಬೂದೊಂದು ಐತ್ಯೋ ಇಲ್ಲೋ?”

“ಪದ್ಧತಿ ನೆನಪೈತಿ ನಿಮಗ. ಬಾವಿ ನೆನಪೈತೇನ್ರಿ?”

ನೆರೆದವರು ನಗು ಬಾರದಂತೆ ಕೆಮ್ಮಿದರು. ಅಣ್ಣಾರಾಯನ ಕಿವಿ ಕೆಂಪಾದವು.

*

ಅದು ಹಳೆಯ ಮಾತು, ಜತ್ತ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ವಿಲೀನವಾದ ವರ್ಷದ ಬೇಸಗೆ. ಊರಿಗೆಲ್ಲ ಬುದ್ಧಿ ಹೇಳುವ ಅಣ್ಣಾರಾಯನಿಗೆ ಈಜು ಮಾತ್ರ ಬರುತ್ತಿರಲಿಲ್ಲ. ಕಲಿಸಲು ಒಪ್ಪಿದವನು ಚಿಕ್ಕಪ್ಪನ ಮಗನೇ ಆದ ಮಲಕಾಜಪ್ಪ. ಸೆಟೆದ ಕಾಲನ್ನು ಮುಂದೆಸೆದು ಬಂಡಿ ಹತ್ತುವುದು, ಅದನ್ನೇ ಊರಿ ಜೋಳದ ಚೀಲ ಹೊರುವುದು, ನೀರಿನಲ್ಲಿ ಅದನ್ನು ಹೊರಳಿಸಿ ಬೇಕಾದತ್ತ ತಿರುಗುವುದು ಅವನಿಗೆ ಯಾರೂ ಕಲಿಸಿದ್ದಲ್ಲ. ಬಿದ್ದು ಬಿದ್ದು ಕಲಿತಿದ್ದ.

“ಅಣ್ಣಾ, ನಿನಗ ಎರಡೂ ಕಾಲು ಚಲೋ ಅದಾವು. ಖರೆ ಅವನ್ನ ಸಾಲಿಗಿ ಹಾಕಿಲ್ಲ ನೀ. ಈ ಕಾಲ ಹಿಡಕೋ, ಬಡಿ!”

ಹದಿನೈದು ದಿನ ಅಣ್ಣಾರಾಯ ಆ ಕಾಲಿಗೆ ಜೋತುಬಿದ್ದು “ಮುಳಗಿದ್ನೋ ಯಪ್ಪಾ” ಎಂದು ಊರು ಕೇಳುವಂತೆ ಒದರಿದ. ಹದಿನಾರನೇ ದಿನ ನಡುಬಾವಿಯಲ್ಲಿ ಮಲಕಾಜಪ್ಪ ಮೆಲ್ಲಗೆ, “ಕೈ ಬಿಡು ಅಣ್ಣಾ,” ಎಂದ. ಅಣ್ಣಾರಾಯ ಬಿಟ್ಟ. ಮುಳುಗಲಿಲ್ಲ.

ಆಮೇಲೆ ಜತ್ತದ ಸಂತೆಯಲ್ಲಿ ತನ್ನಷ್ಟಕ್ಕೆ ತಾನೇ ಕಲಿತೆನೆಂದು ಹೇಳಿಕೊಂಡು ತಿರುಗಿದ. ಪಕ್ಕದಲ್ಲೇ ನಿಂತಿದ್ದ ಮಲಕಾಜಪ್ಪ ಹೌದೆಂದು ತಲೆಯಾಡಿಸಿದ್ದ.

*

“ಅಯ್ಯಾರ, ನೀವರೆ ಹೇಳ್ರಿ,” ಎಂದಳು ಭಾಗವ್ವ.

ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ವಿಭೂತಿ ಗಟ್ಟಿಯನ್ನು ಕೆಳಗಿಟ್ಟರು. “ಕುಂದರಸ್ರಿ ಅಂತೈತಿ ಶಾಸ್ತ್ರ. ಇಷ್ಟು ವರ್ಷ ಅವಾ ಕಾಲ ಚಾಚೇ ಲಿಂಗಪೂಜಾ ಮಾಡ್ಯಾನ. ಶಿವಾ ಒಂದಿನಾನೂ ಸಿಟ್ಟಾಗಿಲ್ಲ. ನೀ ಯಾಕ ಸಿಟ್ಟಾಗತೀಯೋ ಅಣ್ಣಾರಾಯಾ?”

ಅಣ್ಣಾರಾಯ ಎದ್ದ. ರುಮಾಲು ಸುತ್ತಿಕೊಂಡು, ಭರಮಣ್ಣನ ಕೈಯಿಂದ ಗುದ್ದಲಿ ಕಸಿದುಕೊಂಡು ನಡೆದ.

ಭರಮಣ್ಣ ಈ ಸಲ ಎಡಪಾದದ ಅಳತೆಯಲ್ಲಿ ಕುಣಿ ಹಿಗ್ಗಿಸಿದ. ಬಲಗಾಲಿಗೆಂದು ಮುಂದಿನ ಗೋಡೆಯಲ್ಲಿ ಉದ್ದನೆಯ ಗೂಡು ಕೊರೆಯಲು ಅಣ್ಣಾರಾಯ ತಾನೇ ಇಳಿದ.

“ದಾರ ತರ್ಲೇನ್ರಿ ಅಳ್ಯಾಕ?”

“ಬ್ಯಾಡ. ಅದರ ಅಳತಿ ನನಗ ಗೊತ್ತೈತಿ.”

ಮಲಕಾಜಪ್ಪನನ್ನು ಇಳಿಸಿ ಕೂರಿಸಿದರು. ಸೆಟೆದ ಕಾಲು ಗೂಡಿನೊಳಗೆ ಸರಿಯಾಗಿ ಕೂತಿತು, ಒಂದು ಬೆರಳೂ ಹೆಚ್ಚುಕಡಿಮೆ ಆಗಲಿಲ್ಲ. ಎಲ್ಲರೂ ಮಣ್ಣು ಹಿಡಿದು ಕಾದರು. ಅಣ್ಣಾರಾಯ ಮಾತ್ರ ಮೇಲೆ ಬರಲೊಲ್ಲ.

“ಕೈ ಬಿಡ್ರಿ ಅಣ್ಣಾರ,” ಎಂದು ಭರಮಣ್ಣ ಮೇಲಿನಿಂದ ಬಗ್ಗಿ ಹೇಳಿದ.

ಕೆಳಗೆ ಅಣ್ಣಾರಾಯ ಕಣ್ಣು ಬಿಗಿಯಾಗಿ ಮುಚ್ಚಿ, ಗೂಡಿನೊಳಗೆ ಎರಡೂ ಕೈ ತೂರಿಸಿ, ಕೂಸಿನಷ್ಟಿದ್ದ ಆ ಪಾದವನ್ನು ಹಿಡಿದು ಕೂತಿದ್ದ, ಬಾವಿಗಿಳಿದ ಮೊದಲ ದಿನ ಹಿಡಿದಂತೆ.