ಕೋಟು ಬಿಚ್ಚಿದವನ ಪುಟ

ಕೂಡುಕಥೆಯ ಮೇಜಿಗೆ ಮೂರೇ ಕಾಯಿದೆ. ಒಬ್ಬರ ಪಾತ್ರದ ಬಾಯಿಗೆ ಇನ್ನೊಬ್ಬರು ಮಾತು ತುರುಕಬಾರದು. ಬರೆದದ್ದು ನಂಬುವ ಹಾಗಿರಬೇಕು. ನಂಬಿಕೆ ಬಾರದವರು ತಮ್ಮ ಚಹಾದ ಲೋಟ ಬೋರಲು ಹಾಕುವುದು, ಮೂರು ಲೋಟ ಬೋರಲು ಬಿದ್ದರೆ ಆ ಪುಟ ಕಥೆಯಿಂದ ಹೊರಗೆ. ಇನ್ನು ಮೂರನೆಯದು, ತನ್ನ ಪಾತ್ರ ಬೇಡವೆನಿಸಿದರೆ ಯಾರು ಬೇಕಾದರೂ ಅದನ್ನು ವಾಪಸು ತೆಗೆದುಕೊಳ್ಳಬಹುದು. ಅದನ್ನು ಮಾತ್ರ ಈವರೆಗೆ ಯಾರೂ ಬಳಸಿರಲಿಲ್ಲ.

ಶನಿವಾರ ಮಧ್ಯಾಹ್ನವಾದರೆ ಗ್ರಂಥಾಲಯದ ಮಾಳಿಗೆಯಲ್ಲಿ ನಾಲ್ಕು ಜನ ಸೇರಿ ಒಂದು ಊರಿನ ಕಥೆ ಕಟ್ಟಿ, ಆ ಊರನ್ನು ಹಿಮದಲ್ಲಿ ಹೂಳುತ್ತಿದ್ದರು. ಹವಾಮಾನದ ಒಡೆತನ ಮೇಷ್ಟ್ರದು. ಭೂಗೋಳ ಪಾಠ ಮಾಡಿ, ಹೋದ ವರ್ಷ ನಿವೃತ್ತರಾಗಿ ಈ ಊರಿಗೆ ಬಂದವರು. ದಾಳ ಉರುಳಿಸಿ ಗಾಳಿ ಎಷ್ಟು, ಚಳಿ ಎಷ್ಟು ಅಂತ ಸಾರುವವರು ಅವರೇ. ನಿಜ ಅಂದರೆ ನಿಜ ಇರಬೇಕು ಅವರಿಗೆ. ಎರಡನೆಯವಳು ಬಟ್ಟೆ ಹೊಲಿಯುವ ದರ್ಜಿಯಮ್ಮ. ಅವಳ ಪಾತ್ರ ಒಮ್ಮೆ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಮಕ್ಕಳನ್ನು ಮಲಗಿಸಿದಾಗ, "ಕಿಟಕಿ ಸಂದು ಬಿಡ್ಲಿಲ್ವಲ್ಲ, ಬೆಳಗ್ಗೆ ಎದ್ದು ನೋಡಿದ್ರೆ ನಾಲ್ಕು ಹೆಣ" ಎಂದು ಲೋಟ ಬೋರಲು ಹಾಕಿದ್ದರು.

ಮೂರನೆಯವನು ಆಂಬುಲೆನ್ಸ್ ಓಡಿಸಿ ಓಡಿಸಿ ಸೊಂಟ ಬಿದ್ದು ಮನೆ ಸೇರಿದ ಡ್ರೈವರಣ್ಣ. ಕಥೆಯಲ್ಲಿ ಅವನು ರಕ್ಷಣಾ ದಳದ ನಾಯಕ. ಎಂಥ ಹಿಮಗಾಳಿ ಬೀಸಲಿ, ಆ ನಾಯಕ ಒಂದು ಗಳಿಗೆಯೂ ತಡವಾಗಿ ಬಂದವನಲ್ಲ.

ನಾಲ್ಕನೆಯವಳು ಆಸ್ಪತ್ರೆಯ ಬಟ್ಟೆ ಒಗೆಯುವವಳು. ಆರು ದಿನ ಹಬೆಯಲ್ಲಿ ನಿಂತು ಹಾಸಿಗೆ ಬಟ್ಟೆ ಹಿಂಡಿ, ಏಳನೆಯ ದಿನ ಕಾಲು ಚಾಚುವ ಬದಲು ಇಲ್ಲಿಗೆ ಬರುತ್ತಿದ್ದಳು. ಕಥೆಯ ಹುಚ್ಚಿನಿಂದಲ್ಲ. ಚಳಿಗಾಲ ಕಳೆದ ಮೇಲೆ ಈ ಕಡತ ಶಾಲೆಗೆ ಹೋಗುವುದಿತ್ತು, ಮಕ್ಕಳು ತರಗತಿಯಲ್ಲಿ ಓದುವುದಿತ್ತು. ಆ ಶಾಲೆಯಲ್ಲೇ ಅವಳ ಒಂಬತ್ತು ವರ್ಷದ ಮಗಳನ್ನು "ಬೆತ್ತಲೆ ಮಾವನ ಸೊಸೆ" ಎಂದು ಕರೆಯುತ್ತಿದ್ದರು.

ಎರಡು ಚಳಿಗಾಲದ ಹಿಂದೆ ಅವಳ ತಮ್ಮ, ಲೈನ್‌ಮನ್, ತುಂಡಾದ ತಂತಿ ಹುಡುಕಿಕೊಂಡು ಗುಡ್ಡ ಹತ್ತಿದವನು ಇಳಿಯಲಿಲ್ಲ. ಮರುದಿನ ಸಿಕ್ಕಾಗ ಮೈಮೇಲೆ ಕೋಟಿಲ್ಲ, ಅಂಗಿಯಿಲ್ಲ. ಎತ್ತಿಕೊಂಡು ಬಂದದ್ದು ಡ್ರೈವರಣ್ಣನೇ. ಆಂಬುಲೆನ್ಸಿನ ಫಾರಂನಲ್ಲಿ "ಕುಡಿದ ಅಮಲಿನಲ್ಲಿ" ಎಂದು ಬರೆದವನೂ ಅವನೇ. ಕೆಮ್ಮಿನ ಔಷಧ ಕುಡಿಯಲೂ ಮೂಗು ಹಿಡಿಯುತ್ತಿದ್ದ ತಮ್ಮ ಊರ ಬಾಯಲ್ಲಿ ಕುಡುಕನಾದ.

ಅದೇ ವರ್ಷ, ಒಗೆಯಲು ಹಾಕಿದ ಕೋಟಿನ ಜೇಬಲ್ಲಿ ಮರೆತ ಪೆನ್ನು ಹುಡುಕಿಕೊಂಡು ಹಳೇ ಡಾಕ್ಟರು ಅವಳ ಕೋಣೆಗೆ ಬಂದಿದ್ದರು. "ಚಳಿ ಪೂರ್ತಿ ಒಳಗೆ ಹೊಕ್ಕ ಮೇಲೆ ಮೈ ಮೋಸ ಮಾಡುತ್ತಮ್ಮ. ಬಿಗಿದಿದ್ದ ರಕ್ತನಾಳ ಸಡಿಲಾಗಿ ಚರ್ಮಕ್ಕೆ ರಕ್ತ ನುಗ್ಗುತ್ತೆ, ಬೆಂಕಿ ಹೊತ್ತಿದ ಹಾಗಾಗುತ್ತೆ. ಪಾಪ, ಬಟ್ಟೆ ಕಿತ್ತೆಸೀತಾರೆ. ನಿನ್ನ ತಮ್ಮನಿಗೂ ಅದೇ ಆಗಿದ್ದು." ಪೆನ್ನು ಸಿಕ್ಕಿತು, ಹೋದರು. ಬೇಸಿಗೆಯಲ್ಲಿ ಅವರೂ ತೀರಿಕೊಂಡರು.

ಕಥೆಯಲ್ಲಿ ಅವಳು ಒಬ್ಬ ಅಂಚೆಯವನ ಪಾತ್ರ ಕಟ್ಟಿದಳು. ಕಸುಬು ಬೇರೆ, ನಗು ತಮ್ಮನದೇ. ಮೂರನೆಯ ವಾರ ಅವನು ಹಿಮಕುಸಿತದಡಿ ಸಿಕ್ಕಿಬಿದ್ದಾಗ ಡ್ರೈವರಣ್ಣನ ನಾಯಕ ಬರಿಗೈಯಲ್ಲಿ ಹಿಮ ಅಗೆದು ಅವನನ್ನು ಎಳೆದು ಹಾಕಿದ್ದ. ಐದು ಪುಟ! ಶಾಲೆಯಲ್ಲಿ ಮೊದಲು ಓದಬೇಕಾದದ್ದು ಅದೇ ಎಂದು ಮೇಷ್ಟ್ರು ಗುರುತು ಹಾಕಿಟ್ಟಿದ್ದರು.

ಹತ್ತನೆಯ ವಾರ ದಾಳ ಉರುಳಿತು. ಸೊನ್ನೆಗಿಂತ ಇಪ್ಪತ್ತು ಕೆಳಗೆ, ಗಾಳಿ ಎದುರು. ಅವಳು ತನ್ನ ಪುಟ ಓದಿದಳು.

"ನಡುಕ ನಿಂತಿತು. ಅಂಚೆಯವನಿಗೆ ಒಮ್ಮೆಲೇ ಸೆಕೆಯಾಯಿತು. ಯಾರೋ ಬೆನ್ನ ಹಿಂದೆ ಒಲೆ ಹಚ್ಚಿದ್ದಾರೆ ಅಂದುಕೊಂಡ. ಗುಂಡಿ ಬಿಚ್ಚಲು ಬೆರಳು ಬಗ್ಗಲಿಲ್ಲ, ಕೋಟನ್ನು ಕಿತ್ತೇ ತೆಗೆದ. ಆಮೇಲೆ ಅಂಗಿ."

ಮೇಷ್ಟ್ರು ಕನ್ನಡಕ ತೆಗೆದರು. "ಅಲ್ಲ ತಾಯಿ, ಇಂಥ ಚಳೀಲಿ ಕೋಟು ಬಿಚ್ಚೋದೇ?"

"ಬಿಚ್ತಾರೆ ಮೇಷ್ಟ್ರೇ. ಸಾಯೋ ಮುಂಚೆ ಹಾಗಾಗುತ್ತೆ."

"ಎಲ್ಲಿ ಓದಿದ್ರಿ?"

"ಓದಿಲ್ಲ. ಡಾಕ್ಟರು ಹೇಳಿದ್ರು. ಈಗ ಅವರಿಲ್ಲ."

"ಭೂಗೋಳದಲ್ಲಂತೂ ನಾನು ಕೇಳಿಲ್ಲಪ್ಪ!" ಮೇಷ್ಟ್ರು ನಕ್ಕು ಲೋಟ ಬೋರಲು ಹಾಕಿದರು.

ದರ್ಜಿಯಮ್ಮನಿಗೆ ತಮ್ಮನ ಸಂಗತಿ ಎಲ್ಲ ಗೊತ್ತು. ತಲೆ ಎತ್ತದೆ ಹೇಳಿದಳು: "ನಾಯಿಮರಿಗೆ ಹೊದಿಸೋಕೆ ಬಿಚ್ಚಿದ ಅಂತ ಬರಿಯಮ್ಮ. ಓದೋರಿಗೆ ಗಂಟಲು ಕಟ್ಟುತ್ತೆ." ಅವಳ ಲೋಟವೂ ಸದ್ದಿಲ್ಲದೆ ಮಗುಚಿತು.

"ಹಾಗಲ್ದಿದ್ರೆ ಕುಡಿದಿದ್ದ ಅಂತ ಒಂದು ಮಾತು ಸೇರಿಸಿ," ಎಂದರು ಮೇಷ್ಟ್ರು, ಉಪಕಾರ ಮಾಡುವವರ ಹಾಗೆ. "ಆಗ ನಾನೂ ನಂಬ್ತೀನಿ."

ಅವಳು ಸಾಕ್ಷಿಗೆ ಒಂದು ಪುಸ್ತಕ ಹುಡುಕಿ ತರಬಹುದಿತ್ತು. ತರಲಿಲ್ಲ. ಕಣ್ಣಾರೆ ಕಂಡವನು ಮೇಜಿನ ಆ ತುದಿಯಲ್ಲೇ ಕೂತಿದ್ದಾನಲ್ಲ, ಇದು ಬರೀ ಕಥೆ ತಾನೇ, ಕಥೆಯಲ್ಲಾದರೂ ಹೂಂ ಅಂದಾನು ಎಂದು ಹತ್ತು ವಾರ ನೆಚ್ಚಿಕೊಂಡು ಕೂತಿದ್ದಳು.

"ಅಣ್ಣಾ, ನೀವು ಹೇಳಿ."

ಡ್ರೈವರಣ್ಣನ ಲೋಟದಲ್ಲಿ ಇನ್ನೂ ಅರ್ಧ ಚಹಾ ಇತ್ತು. ಅವನು ಅದನ್ನು ಎತ್ತಿ, ಬಿಸಿಬಿಸಿಯೇ ಗಟಗಟ ಕುಡಿದು ಮುಗಿಸಿ, ಬೋರಲು ಹಾಕಿದ.

ಮೇಷ್ಟ್ರು ಪುಟವನ್ನು ಕಡತದಿಂದ ಬಿಡಿಸಿ ಅವಳ ಮುಂದಿಟ್ಟರು. "ಬೇಜಾರು ಮಾಡ್ಕೋಬೇಡಿ. ಇನ್ನೊಂದು ಸಾವು ಬರೆದರಾಯ್ತು."

ಡ್ರೈವರಣ್ಣ ಬೀಡಿ ಹಚ್ಚಲು ಮೆಟ್ಟಿಲಿಗೆ ಹೋದ. ಅವಳೂ ಹಿಂದೆಯೇ ಹೋದಳು.

"ನಿಮಗೆ ಗೊತ್ತಿಲ್ವಾ ಅಣ್ಣಾ?"

"ಆಗ ಗೊತ್ತಿರ್ಲಿಲ್ಲ ಕಣಮ್ಮ. ಕೋಟಿಲ್ಲ, ಅಂಗಿಯಿಲ್ಲ, ಬೇರೇನಂತ ಬರೀಲಿ? ಫಾರಂ ಖಾಲಿ ಬಿಡೋ ಹಾಗಿಲ್ಲ." ಕಡ್ಡಿ ಎರಡು ಸಲ ಆರಿತು. "ಆಮೇಲೆ ಹಾಗೇ ಇನ್ನಿಬ್ಬರನ್ನ ಎತ್ಕೊಂಡು ಬಂದೆ. ಒಬ್ಬಳು ಅಜ್ಜಿ. ಅವಳು ಕುಡೀತಿದ್ಳು ಅಂತ ಹೇಗೆ ಬರೀಲಿ? ಆಗ ಗೊತ್ತಾಯ್ತು."

"ಮತ್ತೆ ಲೋಟ?"

"ಇಲ್ಲಿ ಒಪ್ಪಿದ್ರೆ ಆ ಫಾರಂ ತಪ್ಪು ಅಂತಾನೂ ಒಪ್ಪಿದ ಹಾಗಾಗಲ್ವೇ?" ಹೊಗೆ ಬಿಟ್ಟ. "ಮೂವತ್ತು ವರ್ಷದ ಸರ್ವಿಸಮ್ಮ. ಇರೋದು ಅದೊಂದು ಹೆಸರು."

"ನನ್ನ ತಮ್ಮನಿಗೂ ಇದ್ದದ್ದು ಒಂದೇ ಹೆಸರು ಅಣ್ಣಾ."

ಅವನು ಬೀಡಿಯನ್ನು ಮೆಟ್ಟಿಲಿಗೆ ಒತ್ತಿ ಆರಿಸಿದ. ಸೊಂಟ ಹಿಡಿದುಕೊಂಡು ಒಳಗೆ ಹೋದ.

ಅವಳು ಮೇಜಿನ ಹತ್ತಿರ ಬಂದಳು, ಕೂರಲಿಲ್ಲ. ಕಡತವನ್ನು ಎಳೆದುಕೊಂಡು ದಾರ ಬಿಚ್ಚಿದಳು. "ನನ್ನ ಅಂಚೆಯವನನ್ನ ವಾಪಸು ತಗೋತಿದೀನಿ ಮೇಷ್ಟ್ರೇ. ಮೂರನೇ ಕಾಯಿದೆ."

"ಅಯ್ಯೋ, ಹತ್ತು ವಾರದ ಕೆಲಸ! ಅವನಿಲ್ದಿದ್ರೆ ಆ ಹಿಮಕುಸಿತದ ಅಧ್ಯಾಯ ಏನಾಗ್ಬೇಕು?"

"ಅದು ನಿಮ್ಮ ನಾಯಕರದು, ನಾನು ಮುಟ್ಟಲ್ಲ." ತನ್ನ ಪುಟಗಳನ್ನು ಒಂದೊಂದಾಗಿ, ಹಾಸಿಗೆ ಬಟ್ಟೆ ಎಣಿಸುವ ಹಾಗೆ ಎಣಿಸಿ ಎತ್ತಿಕೊಂಡಳು. "ಅಣ್ಣನ ನಾಯಕರು ಹೊತ್ತಿಗೆ ಸರಿಯಾಗಿಯೇ ಬರಲಿ. ಬರಿಗೈಯಲ್ಲೇ ಅಗೀಲಿ. ಐದು ಪುಟ ಅಗೀಲಿ. ಹಿಮದ ಕೆಳಗೆ ಮಾತ್ರ ಯಾರೂ ಇರಲ್ಲ."

ಯಾರೂ ತಡೆಯಲಿಲ್ಲ. ಡ್ರೈವರಣ್ಣ ಬೋರಲು ಲೋಟವನ್ನೇ ನೋಡುತ್ತಾ ಕೂತಿದ್ದ. ಅದರ ಸುತ್ತ ಚಹಾ ಉಂಗುರದ ಹಾಗೆ ಇಳಿದಿತ್ತು.

ಕೆಳಗೆ ಮಕ್ಕಳ ಪುಸ್ತಕಗಳ ಕಪಾಟಿನ ಹತ್ತಿರ ಮಗಳು ಕಾಯುತ್ತಿದ್ದಳು. ಇಬ್ಬರೂ ಬೀದಿಗಿಳಿದರು. ಎರಡೂ ಕಡೆ ಬಳಿದು ಗುಡ್ಡೆ ಹಾಕಿದ ಹಿಮ ಮಸಿ ಹಿಡಿದು ಕಪ್ಪಾಗಿತ್ತು. ಅವಳು ಎಷ್ಟು ಬಿರುಸಾಗಿ ಹೆಜ್ಜೆ ಹಾಕಿದಳೆಂದರೆ ಮಗಳು ಓಡಬೇಕಾಯಿತು.

"ಅಮ್ಮಾ, ಪುಸ್ತಕದಲ್ಲಿ ಮಾವ ಬರ್ತಾನಾ?"

"ಇಲ್ಲ."

"ನೀನು ಬರೀತೀನಿ ಅಂದಿದ್ದೆ."

"ಬರೆದೆ. ಅವರು ನಂಬಲಿಲ್ಲ."

ಮಗಳು ಓಡಿ ಅಮ್ಮನ ಪಕ್ಕಕ್ಕೆ ಬಂದಳು. "ಹಾಗಿದ್ರೆ ಆ ಪುಟ ನಂಗೆ ಕೊಡು. ನಾನೇ ಕ್ಲಾಸಲ್ಲಿ ಓದ್ತೀನಿ."

"ನಿನ್ನನ್ನೂ ನಂಬಲ್ಲ ಕಣೇ. ಹೊಸ ಹೆಸರು ಇಡ್ತಾರೆ ಅಷ್ಟೇ."

ಹಳ್ಳ ದಾಟುವ ಸಂಕದ ಹತ್ತಿರ ಬರುವಾಗ ಹಿಂದಿನ ಹೆಜ್ಜೆ ಸಪ್ಪಳ ನಿಂತಿತು. ತಿರುಗಿ ನೋಡಿದರೆ ಮಗಳು ಏದುಸಿರು ಬಿಡುತ್ತಾ ಕೋಟಿನ ಮೇಲಿನ ಎರಡು ಗುಂಡಿ ಬಿಚ್ಚಿಕೊಂಡು ನಿಂತಿದ್ದಾಳೆ.

"ಏನೇ ಅದು!"

"ಓಡಿ ಓಡಿ ಸೆಕೆ ಆಗ್ತಿದೆ ಅಮ್ಮಾ."

ಅವಳು ನಾಲ್ಕೇ ಹೆಜ್ಜೆಯಲ್ಲಿ ಹತ್ತಿರ ಬಂದು, ಪುಟಗಳನ್ನು ಕಂಕುಳಲ್ಲಿ ಅವುಚಿಕೊಂಡು, ಗುಂಡಿ ಹಾಕತೊಡಗಿದಳು. ಸೋಪಿಗೆ ಬಿರಿದ ಬೆರಳು ಸರಿಯಾಗಿ ಆಡಲಿಲ್ಲ. ಎಳೆದೆಳೆದು ಕತ್ತಿನವರೆಗೂ ಬಿಗಿದಳು.

"ನೋಯ್ತಿದೆ ಅಮ್ಮಾ," ಎಂದಳು ಮಗಳು.

"ನೋಯಲಿ," ಎಂದಳು ಅವಳು.