ಲೋಟದ ತಳದ ಚುಕ್ಕೆ

ಕಪಾಟಿನ ಗಾಜಿನ ಮೇಲೆ ಒಂದು ನೊಣ, ಮೇಲೆ, ಕೆಳಗೆ, ಮತ್ತೆ ಮೇಲೆ, ಅದರ ಹಿಂದೆ ಬಿಳಿ ಡಬ್ಬಿ, ಅಗೋ ಅದೇ ಎಂದು ನರ್ಸಕ್ಕ ತೋರಿಸಿದ ಡಬ್ಬಿ, ನನ್ನ ಮಾತ್ರೆ, ಕೈ ಚಾಚಿದರೆ ಸಿಗಬೇಕು, ನಡುವೆ ಗಾಜು, ಗಾಜಿನ ಬಾಗಿಲಿಗೆ ಬೀಗ, ಕೀ ಎಲ್ಲಿ — ಬೀಗದಣ್ಣನ ಜೇಬಲ್ಲಿ, ಬೀಗದಣ್ಣ ಎಲ್ಲಿ — ಪಕ್ಕದೂರಿನ ಆರೋಗ್ಯ ಕೇಂದ್ರದಲ್ಲಿ, ಎರಡೂ ಊರಿಗೆ ಮಾತ್ರೆ ಕೊಡುವವನು ಅವನೊಬ್ಬನೇ ಅಂತೆ, ಕೀ ಬಿಟ್ಟು ಹೋದರೆ ಸ್ಟಾಕು ಕರಗುತ್ತದಂತೆ, ಆಹಾ, ಸ್ಟಾಕು ಭದ್ರವಾಗಿರಲಿ, ಜನ ಹಾಳಾಗಿ ಹೋಗಲಿ. ಬಸ್ಸು ಹತ್ತಿದಾರಂತೆ, ಬರ್ತಾರೆ, ಕೂತ್ಕೊಳ್ಳೇ, ನೀನು ಗುರಾಯಿಸಿದ್ರೆ ಬೀಗ ಹೆದರ್ಕೊಂಡು ಬಿಚ್ಕೊಳ್ಳಲ್ಲ. ಕೂತಿದ್ದೇನಲ್ಲ, ಬೆಳಿಗ್ಗೆಯಿಂದ ಕೂತೇ ಇದ್ದೇನೆ, ಸೂಜಿ ಚುಚ್ಚಿದ್ದು ನಿನ್ನೆ, ಮಾತ್ರೆ ಎಷ್ಟು ಬೇಗ ಶುರು ಮಾಡಿದ್ರೆ ಅಷ್ಟು ಒಳ್ಳೇದು, ಮೂರು ದಿನ ದಾಟಿದ್ರೆ ತಗೊಂಡೂ ಪ್ರಯೋಜನ ಇಲ್ಲ ಎಂದವಳು ಈ ನರ್ಸಕ್ಕನೇ, ಕೂತ್ಕೋ ಅನ್ನುವವಳೂ ಇವಳೇ, ಪಾಪ, ಇವಳ ಮೇಲೆ ಯಾಕೆ ರೇಗಲಿ, ರೇಗಬೇಕಾದ್ದು ಆ ನರ್ಸಿಂಗ್ ಹೋಮಿನವರ ಮೇಲೆ, ಗಂಟು ಕಟ್ಟಿ ಕಳಿಸುತ್ತಾರಲ್ಲ ಲಾಂಡ್ರಿಗೆ, ಬೆಡ್‌ಶೀಟು, ದಿಂಬಿನ ಕವರು, ಒದ್ದೆಯೋ ಕಲೆಯೋ ಎಲ್ಲ ಒಟ್ಟಿಗೆ, ಬಿಚ್ಚಿ ಕೊಡವುವುದು ನನ್ನ ಕೆಲಸ, ಕೊಡವುತ್ತಿದ್ದೆ, ತೋರುಬೆರಳಿಗೆ ಚುರ್ ಅಂತು, ನೋಡಿದರೆ ಮಡಿಕೆಯೊಳಗೆ ಸಿರಿಂಜು, ಒಳಗೆ ಇನ್ನೂ ರಕ್ತ, ಯಾರದೋ, ಸೂಜಿಗೆ ಅಂತಲೇ ಅವರಲ್ಲಿ ಬೇರೆ ಡಬ್ಬ ಇದೆಯಂತೆ, ಇದ್ದು ಏನು ಬಂತು, ಕೈ ಹತ್ತಿರ ಸಿಕ್ಕಿದ್ದು ಹಾಸಿಗೆ, ಸುತ್ತಿ ಬಿಸಾಕಿದರು. ಮೇಸ್ತ್ರಿ ಓಡಿ ಬಂದ, ಹಿಂಡ್ರೇ ಬೆರಳು, ಹಿಂಡಿ, ಬ್ಲೀಚಿಂಗ್ ನೀರಲ್ಲಿ ಅದ್ದಿ, ಎಂಥೆಂಥಾ ಕಲೆನೇ ಹೋಗತ್ತೆ, ರೋಗ ಯಾವ ಲೆಕ್ಕ, ಮೂರು ಜನ ಸೇರಿ ಅದ್ದಿದರು, ಪ್ರೀತಿಯಿಂದಲೇ, ಬೆರಳ ತುದಿ ಬೆಳ್ಳಗೆ ಸುಲಿದು ಹೋಯಿತು, ನರ್ಸಕ್ಕ ನೋಡಿ ಹಣೆ ಚಚ್ಚಿಕೊಂಡಳು, ಸೋಪು ನೀರಲ್ಲಿ ತೊಳೆದಿದ್ರೆ ಸಾಕಿತ್ತಲ್ಲೇ, ಹಿಂಡೋಕೆ ಇದೇನು ದಿಂಬಿನ ಕವರಾ. ನರ್ಸಿಂಗ್ ಹೋಮಿಗೆ ಫೋನ್ ಮಾಡಿದರೆ, ಯಾವ ಪೇಷೆಂಟಿನ ಹಾಸಿಗೆ ಅಂತ ಹೇಗೆ ಹೇಳೋದಮ್ಮ, ಆ ಮಾತ್ರೆ ನಾವು ಇಡಲ್ಲ, ದೊಡ್ಡಾಸ್ಪತ್ರೆಗೆ ಹೋಗಿ, ಅಂತ ಫೋನ್ ಇಟ್ಟೇ ಬಿಟ್ಟರು, ದೊಡ್ಡಾಸ್ಪತ್ರೆಗೆ ಹೋಗಿ ಬರಲು ಇಡೀ ದಿನ ಬೇಕು, ಸೂಜಿ ಮಾತ್ರ ಮನೆ ಬಾಗಿಲಿಗೇ ತಂದು ಕೊಡುತ್ತಾರೆ.

ಯಾರ ರಕ್ತ ಅಂತ ಯಾರಿಗೂ ಗೊತ್ತಿಲ್ಲ, ಲೋಟ ಯಾರದು ಅಂತ ಮಾತ್ರ ನಮ್ಮನೆಯಲ್ಲಿ ಎಲ್ಲರಿಗೂ ಗೊತ್ತು — ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದೆ, ಅಣ್ಣನ ಮಗಳು ಎದುರಿಗೆ ಕೂತು, ಅತ್ತೆ, ನಿನ್ ಲೋಟ ಯಾಕೆ ಬೊಟ್ಟು ಇಟ್ಕೊಂಡಿದೆ, ತಿರುಗಿಸಿ ನೋಡಿದರೆ ತಳದಲ್ಲಿ ಕೆಂಪು ಚುಕ್ಕೆ, ನೇಲ್ ಪಾಲಿಶ್, ನನ್ನದೇ ನೇಲ್ ಪಾಲಿಶ್, ಲೋಟ ಎತ್ತಿದರೆ ಎದುರಿಗಿದ್ದವರಿಗೆಲ್ಲ ಕಾಣುತ್ತದೆ, ಕುಡಿಯುವವಳಿಗೊಬ್ಬಳಿಗೇ ಕಾಣುವುದಿಲ್ಲ, ಎಂಥ ಬುದ್ಧಿವಂತಿಕೆ ಅತ್ತಿಗೆ ನಿಂದು. ಬೇಜಾರು ಮಾಡ್ಕೋಬೇಡ್ವೇ, ಚಿಕ್ಕ ಮಗು ಇರೋ ಮನೆ. ಅಮ್ಮ ತಲೆ ಎತ್ತದೆ, ಸುಮ್ನಿರು, ನಾಲ್ಕು ದಿನ ತಾನೇ. ಏನು ನಾಲ್ಕು ದಿನ, ಎಚ್‌ಐವಿ ಲೋಟದಿಂದ ಬರಲ್ಲ, ಎಂಜಲಿಂದ ಬರಲ್ಲ, ತಬ್ಕೊಂಡ್ರೆ ಬರಲ್ಲ, ನರ್ಸಕ್ಕ ಎಷ್ಟು ಸಲ ಹೇಳಿದಳು, ಸೋಂಕಿರೋ ಸೂಜಿನೇ ಆಗಿದ್ರೂ ಹೀಗೆ ಚುಚ್ಚಿಸ್ಕೊಂಡ ನೂರು ಜನರಲ್ಲಿ ಒಬ್ಬರಿಗೆ ಬಂದ್ರೆ ಹೆಚ್ಚು, ಆ ಒಬ್ಬಳು ನೀನಾಗ್ಬಾರ್ದು ಅಂತಲೇ ಮಾತ್ರೆ, ಇಪ್ಪತ್ತೆಂಟು ದಿನ, ಒಂದೂ ತಪ್ಪಿಸ್ಬೇಡ. ಬೆಳಿಗ್ಗೆ ಟೆಸ್ಟೂ ಮಾಡಿದಳು, ಪಟ್ಟಿಯ ಮೇಲೆ ಒಂದೇ ಗೆರೆ, ಇಲ್ಲ ಅಂತ ಅರ್ಥ, ಓಡಿ ಹೋಗಿ ಅತ್ತಿಗೆಯ ಮುಖಕ್ಕೆ ಹಿಡಿಯೋಣ ಅನ್ನಿಸಿತು, ನಿಲ್ಲೇ, ಇದು ಹಳೇದಕ್ಕೆ ಮಾತ್ರ, ನಿನ್ನೆಯ ಸೂಜಿ ಇವತ್ತಿನ ಟೆಸ್ಟಲ್ಲಿ ಕಾಣಲ್ಲ, ಒಂದೂವರೆ ತಿಂಗಳಾದ್ಮೇಲೆ ಒಂದ್ಸಲ, ಮೂರು ತಿಂಗಳಾದ್ಮೇಲೆ ಇನ್ನೊಂದ್ಸಲ ಬರ್ಬೇಕು. ಬರುತ್ತೇನೆ, ಆದರೆ ಅಲ್ಲಿಯವರೆಗೆ ಆ ಚುಕ್ಕೆ, ಕಾಫಿಗೆ ಚುಕ್ಕೆ, ನೀರಿಗೆ ಚುಕ್ಕೆ, ಹೋಗಿ ಬ್ಲೀಚಿಂಗಲ್ಲಿ ಅದ್ದಲೇ ಅದನ್ನ. ಚಪ್ಪಲಿ ಸದ್ದು, ಬೆವರು ಒರೆಸುತ್ತ ಬೀಗದಣ್ಣ, ಅಷ್ಟೇನು ಅರ್ಜೆಂಟು ನಿಮ್ದು, ಅರ್ಜೆಂಟೇ ಸ್ವಾಮಿ, ಸೂಜಿ ನಿಮ್ಮ ಬಸ್ಸಿಗೆ ಕಾಯಲಿಲ್ಲ, ನನ್ನ ಗಂಟಲು ಕಟ್ಟಡಕ್ಕೆಲ್ಲ ಕೇಳಿಸುತ್ತದೆ, ಕೇಳಿಸಲಿ, ಕೀ ತಿರುಗಿತು, ನೊಣ ಹಾರಿತು, ಅಂಗೈಯಲ್ಲಿ ಮಾತ್ರೆ. ನುಂಗಮ್ಮ ಇಲ್ಲೇ, ಅಗೋ ನೀರು. ಫಿಲ್ಟರ್ ಪಕ್ಕದಲ್ಲಿ ಸ್ಟೀಲ್ ಲೋಟ, ಯಾರೂ ಒಯ್ಯದ ಹಾಗೆ ಸರಪಳಿ ಕಟ್ಟಿದ ಲೋಟ, ಎಲ್ಲರೂ ಕುಡಿಯುವ ಲೋಟ, ಮಾತ್ರೆ ನಾಲಿಗೆಯ ಮೇಲಿದೆ, ಕಹಿ, ನಲ್ಲಿ ತಿರುಗಿಸಿದ್ದೇನೆ, ನೀರು ಬೀಳುತ್ತಿದೆ, ಎಲ್ಲಿಗೆ — ಕೈಗೆ, ನನ್ನ ಬೊಗಸೆಗೆ, ಸುಲಿದ ಬೆರಳಿಗೆ ಚುರುಗುಟ್ಟುತ್ತಿದೆ, ಯಾರು ಹೇಳಿದರು ಬೊಗಸೆ ಹಿಡಿ ಅಂತ, ಯಾರೂ ಹೇಳಲಿಲ್ಲ, ಅತ್ತಿಗೆ ಇಲ್ಲಿಲ್ಲ, ಅಮ್ಮ ಇಲ್ಲ, ಕೈ ತಾನೇ ಹೋಯಿತು, ನನ್ನ ಕೈ, ಲೋಟ ಬಿಟ್ಟು. ಲೋಟ ಇದೆಯಲ್ಲೇ, ನರ್ಸಕ್ಕ ತುಂಬಿಸಿ ಚಾಚುತ್ತಿದ್ದಾಳೆ, ಸರಪಳಿ ಕಿಣಿಗುಟ್ಟುತ್ತದೆ, ಹಿಡೀಬೇಕು, ಎತ್ತಬೇಕು, ಎತ್ತಿದರೆ ತಳ ಅವರಿಗೆಲ್ಲ ಕಾಣುತ್ತದೆ, ತಳದಲ್ಲಿ ಏನೂ ಇಲ್ಲ, ಗೊತ್ತು, ಏನೂ ಇಲ್ಲ, ಕೆಂಪಗೆ, ಉಗುರಿನ ತುದಿಯಷ್ಟು, ಆ ಚುಕ್ಕೆ —